ದಾಳಿಂಬೆ ತೋಟದ ದೋಷ ಪತ್ತೆ: ಔಷಧಿ ಹೊಡೆಯುವ ಮುಂಚೆ ನೋಡಬೇಕಾದ್ದು

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆ ದಾಳಿಂಬೆ ತೋಟದಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ರೈತರು ಮೊದಲು ಹೋಗುವುದು ಗೊಬ್ಬರದ ಅಂಗಡಿಗೆ. ‘ಚುಕ್ಕೆ ಬಿದ್ದಿದೆ’ ಅಂದರೆ ಒಂದು ಬಾಟಲಿ ಕೊಡುತ್ತಾರೆ, ‘ಹೂ ಉದುರುತ್ತಿದೆ’ ಅಂದರೆ ಇನ್ನೊಂದು. ಆದರೆ ಕಾಯಿ ಮೇಲಿನ ಚುಕ್ಕೆಯಲ್ಲೇ ನಾಲ್ಕು ಬಗೆ ಇದೆ. ಹೂ ಉದುರುವುದು ಎಷ್ಟೋ ಸಲ ರೋಗವೇ ಅಲ್ಲ. ದುಂಡಾಣು ಅಂಗಮಾರಿಗೆ (ಬ್ಯಾಕ್ಟೀರಿಯಾದಿಂದ ಬರುವ ರೋಗ) ಬರೀ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ. ನೀರಿನ ಏರುಪೇರಿನಿಂದ ಸೀಳಿದ ಕಾಯಿಗೆ ಯಾವ ಔಷಧಿಯೂ ಬೇಕಿಲ್ಲ. ಹಾಗಾಗಿ ಮೊದಲು ದೋಷ ಯಾವುದು ಎಂದು ಗೊತ್ತು ಮಾಡಿಕೊಳ್ಳಬೇಕು. ಇಲ್ಲಿ ಹೇಳಿರುವುದು ಮೂರು ವರ್ಷ ದಾಟಿದ, ಡ್ರಿಪ್ ಇರುವ ಭಗ್ವಾ ತಳಿಯ ತೋಟಗಳಿಗೆ ಸಂಬಂಧಿಸಿದ್ದು.

ಮೊದಲು ನೋಡಬೇಕಾದ್ದು ಬಹಾರ್

ಬಹಾರ್ ಎಂದರೆ ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಟ್ಟು, ಎಲೆ ಉದುರಿಸಿ, ಮತ್ತೆ ನೀರು ಬಿಟ್ಟು ಹೂ ತರಿಸುವ ಹಂಗಾಮು. ದಾಳಿಂಬೆಯ ಮೂಲ ಇರಾನಿನ ಕಡೆ. ಒಣ ಗಾಳಿ, ಬೇರಿಗೆ ಹದವಾದ ನೀರು, ಎಲೆ ಮೇಲೆ ಹನಿ ನಿಲ್ಲದ ಹವೆ ಇದ್ದರೆ ಗಿಡ ತಾನೇ ಚೆನ್ನಾಗಿರುತ್ತದೆ. ನಮ್ಮ ಜಿಲ್ಲೆ ಒಣ ಸೀಮೆಯೇ. ಆದರೆ ಇಲ್ಲಿ ಬೀಳುವ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಬರುತ್ತದೆ. ಆ ಐದಾರು ವಾರ ತೋಟದಲ್ಲಿ ಎಳೆ ಎಲೆ, ಹೂ, ನಿಂಬೆ ಗಾತ್ರದ ಕಾಯಿ ಇದ್ದರೆ ಅಂಗಮಾರಿಗೆ ಬಾಗಿಲು ತೆರೆದಿಟ್ಟ ಹಾಗೆ.

ಮೃಗ ಬಹಾರ್‌ನಲ್ಲಿ ಜೂನ್‌ಗೆ ನೀರು ಬಿಟ್ಟರೆ ಜುಲೈನಲ್ಲಿ ಹೂ ಬರುತ್ತದೆ. ಕಾಯಿ ಬೆಳೆಯುವ ಹೊತ್ತಿಗೆ ಸರಿಯಾಗಿ ಆ ಮಳೆ ಹಿಡಿಯುತ್ತದೆ. ಒಂದು ಸಲ ಅಂಗಮಾರಿ ಕಂಡ ತೋಟದಲ್ಲಿ ಮೃಗ ಬಹಾರ್ ಮತ್ತೆ ಬೇಡ. ಹಸ್ತ ಬಹಾರ್‌ನಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಎಲೆ ಉದುರಿಸುತ್ತೇವೆ. ಹೂವು, ಕಾಯಿ ಮಳೆ ಹಿಂದೆ ಸರಿದ ಮೇಲೆ ಬರುತ್ತವೆ. ಅದರ ತೊಡಕು ಬೇರೆ: ಗಿಡಕ್ಕೆ ವಿಶ್ರಾಂತಿ ಕೊಡಬೇಕಾದ ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಮಳೆ ಬೀಳುತ್ತದೆ, ಗಿಡ ಒಣಗುವುದೇ ಇಲ್ಲ. ಅಂಬೆ ಬಹಾರ್‌ನಲ್ಲಿ ನವೆಂಬರ್–ಡಿಸೆಂಬರ್ ಒಣಗಿಸಿ ಜನವರಿಯಲ್ಲಿ ನೀರು ಬಿಟ್ಟರೆ ಜುಲೈ–ಆಗಸ್ಟ್‌ಗೆ ಕಟಾವು, ಅಂದರೆ ದೊಡ್ಡ ಮಳೆಗೆ ಮುಂಚೆ. ಭಗ್ವಾಗೆ ಹೂವಿನಿಂದ ಕಟಾವಿಗೆ 180 ದಿನದ ಸುಮಾರು ಬೇಕು, ಆ ಲೆಕ್ಕ ಹಾಕಿ. ಬೋರ್‌ನಲ್ಲಿ ಮೇ ತಿಂಗಳ ಕೊನೆಯವರೆಗೂ ನೀರು ಖಾತ್ರಿ ಇದ್ದರೆ ಅಂಬೆಯೇ ಒಳ್ಳೆಯದು. ಖಾತ್ರಿ ಇಲ್ಲದಿದ್ದರೆ ಹಸ್ತ. 2022ರಂಥ ವರ್ಷ, ಅಂದರೆ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದಂಥ ವರ್ಷ ಬಂದರೆ ಎಳೆ ಕಾಯಿ ಇರುವ ತೋಟವನ್ನು ಔಷಧಿಯೊಂದರಿಂದಲೇ ಕಾಯುವುದು ಆಗದ ಮಾತು.

ಕೆಳಗೆ ಬರುವ ಯಾವ ದೋಷಕ್ಕಾದರೂ ಮೊದಲ ಪ್ರಶ್ನೆ ಇದೇ: ಇದು ಶುರುವಾದಾಗ ಗಿಡ ಯಾವ ಹಂತದಲ್ಲಿತ್ತು, ಅದಕ್ಕೆ ಹಿಂದಿನ ಹತ್ತು ದಿನ ಮಳೆ ಹೇಗಿತ್ತು? ಮಳೆ ತಾರೀಕನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ.

ಎಲೆ ಹುಲುಸಾಗಿದೆ, ಹೂವಿಲ್ಲ

ಸಾಮಾನ್ಯ ಕಾರಣ ವಿಶ್ರಾಂತಿ ಸಾಲದಿರುವುದು. ಕೆಂಪು ಮರಳು ಮಣ್ಣಿನಲ್ಲಿ ನೀರು ನಿಲ್ಲಿಸಿ 30–35 ದಿನ ಸಾಕು. ಕರಿ ಮಣ್ಣಿನಲ್ಲಿ 45 ದಿನವಾದರೂ ಸಾಲದೇ ಹೋಗಬಹುದು. ದಿನ ಎಣಿಸುವುದಕ್ಕಿಂತ ಎಲೆ ನೋಡುವುದು ವಾಸಿ: ಎಲೆ ಜೋತುಬಿದ್ದು ಅರ್ಧದಷ್ಟಾದರೂ ಹಳದಿಗೆ ತಿರುಗಿರಬೇಕು. ಹಾಗಾದ ಮೇಲೆ ಚಾಟ್ನಿ (ಕೊಂಬೆ ಸವರುವುದು) ಮಾಡಿ, ಎಲೆ ಉದುರಿಸುವ ಔಷಧಿ ಎಥ್ರೆಲ್ ಹೊಡೆಯಿರಿ. ಎಲೆ ಚೆನ್ನಾಗಿ ಹಳದಿಯಾಗಿದ್ದರೆ ಲೀಟರಿಗೆ 1 ಮಿ.ಲೀ. ಸಾಕು, ಇನ್ನೂ ಹಸಿರಿದ್ದರೆ 2 ಮಿ.ಲೀ.ವರೆಗೆ. 2.5 ಮಿ.ಲೀ. ದಾಟಬೇಡಿ, ಎಳೆ ಕೊಂಬೆಯ ತುದಿ ಒಣಗುತ್ತದೆ.

‘ಎಥ್ರೆಲ್ ಹೊಡೆದರೂ ಎಲೆ ಉದುರಲಿಲ್ಲ’ ಎಂಬ ದೂರು ನಮ್ಮ ಕಡೆ ಹೆಚ್ಚು. ಔಷಧಿ ಕಲಬೆರಕೆ ಎಂದು ತೀರ್ಮಾನಿಸುವ ಮುಂಚೆ ನೀರು ನೋಡಿ. ಎಥ್ರೆಲ್ ಇರುವುದು ಆಮ್ಲದ ರೂಪದಲ್ಲಿ; ಕ್ಷಾರದ ನೀರಿಗೆ ಬಿದ್ದರೆ ಅದು ಟ್ಯಾಂಕಿನಲ್ಲೇ ಒಡೆದು ಅನಿಲವಾಗಿ ಹೋಗುತ್ತದೆ, ಎಲೆಗೆ ತಲುಪುವುದು ಬರೀ ನೀರು. ಇಲ್ಲಿನ ಬೋರ್ ನೀರು ಅನೇಕ ಕಡೆ ಗಡಸು, ಪಿಎಚ್ (ಹುಳಿ–ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 8ರ ಆಸುಪಾಸು. ಪಿಎಚ್ ಪಟ್ಟಿ ಅದ್ದಿ ನೋಡಿ, ಸಿಟ್ರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಹಾಕಿ 5ಕ್ಕೆ ಇಳಿಸಿ, ಆಮೇಲೆ ಎಥ್ರೆಲ್ ಬೆರೆಸಿ. ಜೊತೆಗೆ ಡಿಎಪಿ ಲೀಟರಿಗೆ 5 ಗ್ರಾಂ ಹಾಕುವ ರೂಢಿ ಇದೆ. ಡಿಎಪಿ ಕೂಡ ಪಿಎಚ್ ಏರಿಸುವುದರಿಂದ ಬೆರೆಸಿ ಊಟಕ್ಕೆ ಹೋಗಬೇಡಿ, ಕೂಡಲೇ ಹೊಡೆದು ಮುಗಿಸಿ.

ವಿಶ್ರಾಂತಿ ಸರಿಯಾಗಿದ್ದೂ ಹೂ ಬರಲಿಲ್ಲವಾದರೆ ಸಾರಜನಕ ನೋಡಿ. ಐದು ವರ್ಷ ದಾಟಿದ ಗಿಡಕ್ಕೆ ವರ್ಷಕ್ಕೆ 625 ಗ್ರಾಂ ಸಾರಜನಕ, 250 ಗ್ರಾಂ ರಂಜಕ, 250 ಗ್ರಾಂ ಪೊಟ್ಯಾಷ್ ಎಂಬುದು ಒಪ್ಪಿತ ಲೆಕ್ಕ. ಯೂರಿಯಾ ರೂಪದಲ್ಲಿ ಆ ಸಾರಜನಕ 1.36 ಕೆಜಿ ಆಗುತ್ತದೆ. ಇದರಲ್ಲಿ ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರದಿಂದ ಬರುವುದನ್ನು ಕಳೆಯದೆ ಪೂರ್ತಿ ಯೂರಿಯಾ ಕೊಟ್ಟರೆ ಗಿಡ ಬರೀ ಚಿಗುರುತ್ತದೆ.

ಹೂ ಬಂದು ಉದುರುತ್ತಿದೆ

ಉದುರಿದ ಹೂಗಳನ್ನು ಒಂದು ಹಿಡಿ ಎತ್ತಿಕೊಂಡು ಬುಡ ನೋಡಿ. ಬುಡ ಮೊನಚಾಗಿ ಗಂಟೆಯ ಆಕಾರದಲ್ಲಿದ್ದರೆ ಅದು ಗಂಡು ಹೂ. ಉಗುರಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ಶಲಾಕೆ ಗಿಡ್ಡ, ಅಂಡಾಶಯ ಚಿಕ್ಕದು. ಇದು ಉದುರುವುದೇ ಸರಿ, ಅದಕ್ಕೆ ಏನೂ ಹೊಡೆಯಬೇಕಿಲ್ಲ. ಬುಡ ಹೂಜಿಯಂತೆ ಉಬ್ಬಿ, ಶಲಾಕೆ ಕೇಸರಗಳ ಎತ್ತರಕ್ಕೋ ಅದಕ್ಕಿಂತ ಮೇಲಕ್ಕೋ ಬಂದಿದ್ದರೆ ಅದು ಕಾಯಿ ಕಟ್ಟುವ ಹೂ. ಹಿಡಿಯಲ್ಲಿ ಈ ಉಬ್ಬಿದ ಹೂಗಳೇ ಹೆಚ್ಚಿದ್ದರೆ ಮಾತ್ರ ಚಿಂತಿಸಬೇಕು.

ಗಂಡು ಹೂವೇ ವಿಪರೀತ ಇದ್ದರೆ ಗಿಡದ ಶಕ್ತಿ ಸಾಲದು ಎಂದರ್ಥ: ಹಿಂದಿನ ಬೆಳೆಯಲ್ಲಿ ಕಾಯಿ ಹೆಚ್ಚು ಬಿಟ್ಟಿರಬಹುದು, ವಿಶ್ರಾಂತಿಗೆ ಮುಂಚೆ ಗೊಬ್ಬರ ಕೊಡದೇ ಇರಬಹುದು. ಕಟಾವಾದ ಹದಿನೈದು ದಿನದೊಳಗೆ ಗಿಡಕ್ಕೆ 25–30 ಕೆಜಿ ಕೊಟ್ಟಿಗೆ ಗೊಬ್ಬರ, 2 ಕೆಜಿ ಬೇವಿನ ಹಿಂಡಿ ಕೊಟ್ಟು ಕನಿಷ್ಠ ಮೂರು ತಿಂಗಳು ಎಲೆ ಉಳಿಸಿಕೊಂಡ ತೋಟದಲ್ಲಿ ಮುಂದಿನ ಬಹಾರ್‌ಗೆ ಕಾಯಿ ಹೂ ಹೆಚ್ಚು.

ಒಳ್ಳೆಯ ಹೂವೇ ಉದುರುತ್ತಿದ್ದರೆ ಥ್ರಿಪ್ಸ್ ಹುಡುಕಿ. ಬೆಳಿಗ್ಗೆ ಎಂಟರ ಮುಂಚೆ ಬಿಳಿ ಕಾಗದವನ್ನು ಹೂಗೊಂಚಲ ಕೆಳಗೆ ಹಿಡಿದು ಎರಡು ಸಲ ತಟ್ಟಿ. ಎಳ್ಳಿನ ಕಾಲುಭಾಗದಷ್ಟಿರುವ, ಹಳದಿ ಅಥವಾ ಕಂದು ಗೆರೆಯಂಥ ಹುಳ ಹರಿದಾಡಿದರೆ ಅದೇ. ಬೇವಿನ ಎಣ್ಣೆ ಅಥವಾ ಅಜಾಡಿರಾಕ್ಟಿನ್ 1% ಲೀಟರಿಗೆ 3 ಮಿ.ಲೀ.ನಿಂದ ಶುರು ಮಾಡಿ. ಕಡಿಮೆಯಾಗದಿದ್ದರೆ ಲೇಬಲ್ ಮೇಲೆ ದಾಳಿಂಬೆ ಎಂದು ಬರೆದಿರುವ ಕೀಟನಾಶಕ ಮಾತ್ರ, ಅದೂ ಸಂಜೆ. ಬೆಳಗಿನ ಹೊತ್ತು ಹೊಡೆದರೆ ಜೇನು ಸಾಯುತ್ತದೆ, ಜೇನಿಲ್ಲದಿದ್ದರೆ ಕಾಯಿ ಕಟ್ಟುವುದು ಕಡಿಮೆ. ಹೂ ಕಾಲಕ್ಕೆ ಎಕರೆಗೆ 2–3 ಜೇನುಪೆಟ್ಟಿಗೆ ಇಟ್ಟರೆ ಅನುಕೂಲ.

ಥ್ರಿಪ್ಸೂ ಇಲ್ಲ, ನೀರೂ ಸರಿಯಿದೆ, ಆದರೂ ಉದುರುತ್ತಿದೆ ಎಂದರೆ ಎನ್‌ಎಎ ಎಂಬ ಬೆಳವಣಿಗೆ ಚೋದಕವನ್ನು 10 ಪಿಪಿಎಂ (ಲೀಟರಿಗೆ 10 ಮಿ.ಗ್ರಾಂ) ಕೊಡಬಹುದು. 4.5% ಇರುವ ದ್ರಾವಣವಾದರೆ 100 ಲೀಟರ್ ನೀರಿಗೆ 22 ಮಿ.ಲೀ. ಇದನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಹೆಚ್ಚಾದರೆ ಅದೇ ಹೂ ಉದುರಿಸುತ್ತದೆ.

ಕಾಯಿ ಮೇಲೆ ಚುಕ್ಕೆ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಕಾಯಿ ಬಿಡಿ, ಮೊದಲು ಎಲೆ ಹಿಡಿಯಿರಿ. ಚುಕ್ಕೆ ಇರುವ ಎಲೆಯನ್ನು ಕಿತ್ತು ಬಿಸಿಲಿಗೆ ಎತ್ತಿ ನೋಡಿ. ದುಂಡಾಣು ಅಂಗಮಾರಿಯಾದರೆ ಚುಕ್ಕೆಯ ಸುತ್ತಲ ಭಾಗ ಎಣ್ಣೆ ಕಾಗದದ ಹಾಗೆ ಬೆಳಕು ಬಿಡುತ್ತದೆ, ಅದರಾಚೆ ಹಳದಿ ಬಳೆ ಕಾಣುತ್ತದೆ. ಬೆಳಕು ಬಿಡದ, ಒಣ ಕಂದು ಚುಕ್ಕೆಯಾದರೆ ಶಿಲೀಂಧ್ರ. ಆಮೇಲೆ ಕೊಂಬೆಯ ಗಿಣ್ಣು ನೋಡಿ: ಅಂಗಮಾರಿ ಇರುವ ಗಿಡದಲ್ಲಿ ಗಿಣ್ಣಿನ ಸುತ್ತ ಕಪ್ಪಾಗಿ ತಗ್ಗಾಗಿರುತ್ತದೆ, ಬಗ್ಗಿಸಿದರೆ ಅಲ್ಲೇ ಪಟ್ ಎಂದು ಮುರಿಯುತ್ತದೆ. ಕಡೆಗೆ ಕಾಯಿ: ಕಪ್ಪು, ಜಿಡ್ಡು ಹೊಳಪಿನ, ಸ್ವಲ್ಪ ಉಬ್ಬಿದ ಚುಕ್ಕೆ, ಹಳೆಯದಾದಂತೆ ಅದರ ನಡುವಿನಿಂದ ಮೂಲೆಮೂಲೆಯಾಗಿ ಬಿರುಕು ಕವಲೊಡೆಯುತ್ತದೆ. ಎಲೆ, ಗಿಣ್ಣು, ಕಾಯಿ ಮೂರರಲ್ಲಿ ಎರಡು ಕಡೆ ಗುರುತು ಸಿಕ್ಕರೆ ಅಂಗಮಾರಿ ಎಂದೇ ತಿಳಿಯಿರಿ.

ಇನ್ನುಳಿದವು ಸುಲಭ. ಸಣ್ಣ, ದುಂಡು, ಒಣ ಕಪ್ಪು ಚುಕ್ಕೆ, ಬಿರುಕಿಲ್ಲ: ಸರ್ಕೋಸ್ಪೋರ ಶಿಲೀಂಧ್ರ. ಒಳಕ್ಕೆ ತಗ್ಗಾದ ಕಂದು ಕಲೆ, ಹೆಚ್ಚಾಗಿ ಕಾಯಿ ತುದಿಯ ಕಿರೀಟದ ಬಳಿ: ಆಂಥ್ರಾಕ್ನೋಸ್, ಇದೂ ಶಿಲೀಂಧ್ರವೇ. ಕೈಯಾಡಿಸಿದರೆ ಒರಟು ತೊಗಟೆಯಂತಿದ್ದು, ಉಗುರಿಗೆ ಪುಡಿಯಾಗಿ ಏಳುವ ಬೂದು–ಕಂದು ಪಟ್ಟಿ, ಅದರಲ್ಲೂ ಎರಡು ಕಾಯಿ ತಾಗುವ ಜಾಗದಲ್ಲಿ: ಥ್ರಿಪ್ಸ್ ಕೆರೆದ ಗಾಯ. ಅದು ಎಳೆತನದಲ್ಲೇ ಆಗಿ ಹೋದದ್ದು, ಈಗ ಹೊಡೆದು ಪ್ರಯೋಜನವಿಲ್ಲ. ದುಂಡು ತೂತು, ಅದರ ಬಾಯಲ್ಲಿ ಹಿಕ್ಕೆ ಮೆತ್ತಿಕೊಂಡು ನಾರುತ್ತಿದ್ದರೆ ಕಾಯಿಕೊರಕ. ಆ ಕಾಯಿ ಕಿತ್ತು ಹೂಳಿ.

ಅಂಗಮಾರಿ ಖಚಿತವಾದ ಮೇಲೆ ಮಾಡುವ ಕೆಲಸದ ಕ್ರಮ ಮುಖ್ಯ. ಮೊದಲು ಕತ್ತರಿ, ಆಮೇಲೆ ಪಂಪು. ರೋಗ ಕಂಡ ಜಾಗದಿಂದ ಎರಡು ಇಂಚು ಕೆಳಗೆ ಕತ್ತರಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು 2.5% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದಿ. ಕೂಲಿಯವರು ನಾಲ್ಕು ಜನ ಇದ್ದರೆ ನಾಲ್ಕು ಚಿಕ್ಕ ಬಕೆಟ್ ಬೇಕು. ಒಂದೇ ಬಕೆಟ್ ಇಟ್ಟರೆ ಯಾರೂ ಅದ್ದುವುದಿಲ್ಲ. ಎಲೆ ಒದ್ದೆ ಇರುವಾಗ ತೋಟಕ್ಕೆ ಆಳು ಇಳಿಸಬೇಡಿ, ಬಟ್ಟೆ ಮತ್ತು ಕೈಯಲ್ಲೇ ರೋಗ ಸಾಗುತ್ತದೆ. ಉದುರಿದ ಎಲೆ, ಕಾಯಿ, ಕತ್ತರಿಸಿದ ಕೊಂಬೆ ತಿಪ್ಪೆಗೆ ಹಾಕದೆ ಸುಡಿ. ನೆಲದ ಮೇಲೆ ಬ್ಲೀಚಿಂಗ್ ಪೌಡರ್ ದ್ರಾವಣ: ಹೆಕ್ಟೇರಿಗೆ 25 ಕೆಜಿ, 1000 ಲೀಟರ್ ನೀರಿನಲ್ಲಿ, ಅಂದರೆ ಎಕರೆಗೆ 10 ಕೆಜಿ, 400 ಲೀಟರ್.

ಎಲೆಯಿಲ್ಲದ ಗಿಡಕ್ಕೆ, ಚಾಟ್ನಿ ಆದ ದಿನವೇ, 1% ಬೋರ್ಡೋ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಕರಗಿಸಿ; ಇನ್ನೊಂದರಲ್ಲಿ 50 ಲೀಟರಿಗೆ 1 ಕೆಜಿ ಹೊಸ ಸುಟ್ಟ ಸುಣ್ಣ ಅರಳಿಸಿ ಸೋಸಿ. ಮೈಲುತುತ್ತವನ್ನು ಸುಣ್ಣಕ್ಕೆ ಸುರಿಯುತ್ತಾ ಕೋಲಿನಿಂದ ಕಲಕಿ. ಉಜ್ಜಿದ ಕುಡುಗೋಲನ್ನು ಒಂದು ನಿಮಿಷ ಅದ್ದಿ ತೆಗೆಯಿರಿ: ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅದೇ ದಿನ ಹೊಡೆದು ಮುಗಿಸಬೇಕು, ನಾಳೆಗೆ ಇಟ್ಟರೆ ಕೆಟ್ಟು ಹೋಗುತ್ತದೆ. ಗಿಡದಲ್ಲಿ ಕಾಯಿ ಇರುವಾಗ ದುಂಡಾಣುನಾಶಕ ಬ್ರೊನೊಪಾಲ್ 100 ಲೀಟರಿಗೆ 50 ಗ್ರಾಂ, ಕಾಪರ್ ಆಕ್ಸಿಕ್ಲೋರೈಡ್ 250 ಗ್ರಾಂ, ಅಂಟು 50 ಮಿ.ಲೀ. ಮಳೆ ಹಿಡಿದಾಗ 7–10 ದಿನಕ್ಕೊಮ್ಮೆ, ಬಿಡುವು ನೋಡಿ. ಇಲ್ಲಿಯೂ ನೀರಿನ ಪಿಎಚ್ ಮಾತು ಬರುತ್ತದೆ: ಬ್ರೊನೊಪಾಲ್ ಕ್ಷಾರದಲ್ಲಿ ಒಡೆಯುತ್ತದೆ, ಕಾಪರ್ ಹುಳಿಯಲ್ಲಿ ಎಲೆ ಸುಡುತ್ತದೆ. ಹಾಗಾಗಿ ಎಥ್ರೆಲ್‌ಗೆ ಇಳಿಸಿದ ಹಾಗೆ 5ಕ್ಕೆ ಇಳಿಸಬೇಡಿ, 6.5ರಿಂದ 7ರ ನಡುವೆ ನಿಲ್ಲಿಸಿ.

ಕಾಯಿ ಸೀಳುತ್ತಿದೆ

ಸೀಳಿನ ಬಾಯಲ್ಲಿ ಕಪ್ಪು ಚುಕ್ಕೆ ಇದ್ದರೆ ಮೇಲೆ ಹೇಳಿದ ಅಂಗಮಾರಿ. ಸಿಪ್ಪೆ ಶುಭ್ರವಾಗಿದ್ದು ಉದ್ದಕ್ಕೆ ಬಾಯಿ ಬಿಟ್ಟಿದ್ದರೆ ನೀರು. ಮಣ್ಣು ಒಣಗಿದಾಗ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ಒಮ್ಮೆಲೇ ಮಳೆ ಬಿದ್ದರೆ, ಇಲ್ಲವೇ ಕರೆಂಟ್ ಬಂತೆಂದು ಎರಡು ದಿನದ ನೀರು ಒಟ್ಟಿಗೆ ಬಿಟ್ಟರೆ, ಒಳಗಿನ ಕಾಳು ಊದುತ್ತವೆ, ಸಿಪ್ಪೆ ಹಿಗ್ಗುವುದಿಲ್ಲ.

‘ದಿನಾ ನೀರು ಬಿಡುತ್ತೇವೆ’ ಎನ್ನುವ ತೋಟದಲ್ಲೂ ಅಳೆದು ನೋಡಿ. ಗಂಟೆಗೆ 4 ಲೀಟರ್ ಡ್ರಿಪ್ಪರ್ ಕೆಳಗೆ ಬಾಟಲಿ ಇಟ್ಟರೆ 15 ನಿಮಿಷಕ್ಕೆ 1 ಲೀಟರ್ ತುಂಬಬೇಕು. ಸಾಲಿನ ಮೊದಲ ಗಿಡ, ಕೊನೆ ಗಿಡ ಎರಡರಲ್ಲೂ ಅಳೆಯಿರಿ. ಕೊನೆಯದರಲ್ಲಿ ಮುಕ್ಕಾಲು ಲೀಟರೂ ಬರದಿದ್ದರೆ ಫಿಲ್ಟರ್ ತೊಳೆಯಿರಿ, ಲ್ಯಾಟರಲ್ (ಸಾಲಿನ ಡ್ರಿಪ್ ಪೈಪು) ಕೊನೆ ಬಿಚ್ಚಿ ಕೊಳೆ ಬಿಡಿ. ಸುಣ್ಣ ಕಟ್ಟಿದ್ದರೆ ಆಮ್ಲ ಬಿಟ್ಟು ತೊಳೆಸಬೇಕಾಗುತ್ತದೆ. ಸೀಳಿದ ಕಾಯಿ ಯಾವ ಸಾಲಿನ ಯಾವ ತುದಿಯಲ್ಲಿ ಹೆಚ್ಚು ಎಂದು ಗಮನಿಸಿದರೆ ಈ ದೋಷ ಅರ್ಧ ಗೊತ್ತಾಗಿ ಹೋಗುತ್ತದೆ. ಹೊಟ್ಟು, ಶೇಂಗಾ ಸಿಪ್ಪೆ, ಒಣ ಹುಲ್ಲು ಯಾವುದಾದರೂ ನಾಲ್ಕು ಇಂಚು ಹೊದಿಸಿದರೆ ತೇವ ಏರಿಳಿಯುವುದು ಕಡಿಮೆ.

ಕಾಯಿ ಇನ್ನೂ ಎಳೆಯದಿರುವಾಗಲೇ ಸೀಳಿದರೆ ಬೋರಾನ್ ಕೊರತೆ ಇರಬಹುದು. ಬೋರಿಕ್ ಆಮ್ಲ ಲೀಟರಿಗೆ 1–2 ಗ್ರಾಂ, ಹೂ ಕಾಲಕ್ಕೆ ಒಮ್ಮೆ, ಕಾಯಿ ನಿಂಬೆ ಗಾತ್ರ ಆದಾಗ ಒಮ್ಮೆ.

ಒಂದು ಕೊಂಬೆ ಹಳದಿಯಾಗಿ ಗಿಡವೇ ಒಣಗುತ್ತಿದೆ

ಇದಕ್ಕೆ ತಡ ಮಾಡುವ ಹಾಗಿಲ್ಲ. ತಗ್ಗಿನ ಗಿಡಗಳೆಲ್ಲ ಮಳೆಯಾದ ವಾರದಲ್ಲಿ ಒಟ್ಟಿಗೆ ಹಳದಿಯಾದರೆ ನೀರು ನಿಂತಿದೆ, ಬಸಿಗಾಲುವೆ ತೆಗೆಯಿರಿ. ಹಾಗಲ್ಲದೆ ಒಂದೇ ಗಿಡದ ಒಂದೇ ಕೊಂಬೆ ಮೊದಲು ಬಾಡಿ, ತಿಂಗಳಲ್ಲಿ ಗಿಡ ಪೂರ್ತಿ ಒಣಗಿ, ಮುಂದಿನದು ಅದೇ ಸಾಲಿನ ಪಕ್ಕದ ಗಿಡವಾದರೆ ಸೊರಗು ರೋಗ, ಸೆರಟೋಸಿಸ್ಟಿಸ್ ಶಿಲೀಂಧ್ರ.

ಬಾಡಿದ ಕೊಂಬೆ ಹೊರಟ ಕಾಂಡವನ್ನು ಬುಡದ ಹತ್ತಿರ ಗರಗಸದಿಂದ ಅಡ್ಡ ಕೊಯ್ಯಿರಿ. ಆರೋಗ್ಯದ ಕಟ್ಟಿಗೆ ತೆಳು ಹಳದಿ. ಸೊರಗು ಇದ್ದರೆ ನಡುವಿನಿಂದ ಅಂಚಿಗೆ ಬೂದು–ಕಂದು ಕಲೆ ನಕ್ಷತ್ರದ ಕಿರಣಗಳ ಹಾಗೆ ಚಾಚಿರುತ್ತದೆ. ಅನುಮಾನ ಉಳಿದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಲೆಯಿರುವ ಕಟ್ಟಿಗೆಯಿಂದ ಬೆಂಕಿಕಡ್ಡಿಯಷ್ಟು ತೆಳ್ಳಗಿನ ಚೂರು ತೆಗೆದು, ತೊಳೆದ ಕ್ಯಾರೆಟ್‌ನ ಎರಡು ಬಿಲ್ಲೆಗಳ ನಡುವೆ ಇಟ್ಟು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿ ನೆರಳಲ್ಲಿಡಿ. ವಾರ ಹತ್ತು ದಿನದಲ್ಲಿ ಕ್ಯಾರೆಟ್ ಮೇಲೆ ಕಪ್ಪು ಕೂದಲಿನಂಥ ಸಣ್ಣ ಕಡ್ಡಿಗಳೆದ್ದು ಅವುಗಳ ತುದಿಯಲ್ಲಿ ಕೆನೆ ಬಣ್ಣದ ಹನಿ ಕಂಡರೆ ಸೆರಟೋಸಿಸ್ಟಿಸ್. ಭೂತಗನ್ನಡಿ ಇದ್ದರೆ ಚೆನ್ನಾಗಿ ಕಾಣುತ್ತದೆ.

ಜೊತೆಗೆ ಎರಡು ನೋಡಿ. ಡ್ರಿಪ್ಪರ್ ಕೆಳಗೆ ಅರ್ಧ ಅಡಿ ಅಗೆದು ಬಿಳಿ ಬೇರು ತೆಗೆಯಿರಿ: ಸಾಸಿವೆ ಕಾಳು ಪೋಣಿಸಿದಂತೆ ಗಂಟುಗಳಿದ್ದರೆ ಜಂತುಹುಳ ಇದೆ, ಅದು ಮಾಡಿದ ಗಾಯದಲ್ಲೇ ಸೊರಗು ಒಳಹೊಗುತ್ತದೆ. ಕಾಂಡದ ಬುಡದಲ್ಲಿ ಗುಂಡುಸೂಜಿ ತೂತು, ಅದರಿಂದ ಹಿಟ್ಟು ಉದುರುತ್ತಿದ್ದರೆ ಕಾಂಡಕೊರಕ. ಕೊರಕಕ್ಕೆ 10 ಲೀಟರ್ ನೀರಿಗೆ 4 ಕೆಜಿ ಕೆಮ್ಮಣ್ಣು, 25 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್, 20 ಮಿ.ಲೀ. ಕ್ಲೋರ್‌ಪೈರಿಫಾಸ್ ಕಲಸಿ ಬುಡದಿಂದ ಎರಡಡಿ ಎತ್ತರಕ್ಕೆ ಬಳಿಯಿರಿ.

ಪೂರ್ತಿ ಒಣಗಿದ ಗಿಡ ಉಳಿಯುವುದಿಲ್ಲ. ಉಳಿಸಬೇಕಾದ್ದು ಅದರ ಸುತ್ತಲಿನ ಗಿಡಗಳನ್ನು. ಅವಕ್ಕೆ ಪ್ರೊಪಿಕೊನಜೋಲ್ 25 ಇಸಿ ಲೀಟರಿಗೆ 2 ಮಿ.ಲೀ.ನಂತೆ ಗಿಡಕ್ಕೆ 8–10 ಲೀಟರ್ ಬೇರಿನ ಸುತ್ತ ಹನಿಸಿ. ರೋಗದ ಗಿಡ, ಪಕ್ಕದ ಗಿಡಗಳ ನಡುವೆ ಎರಡು ಮೂರು ಅಡಿ ಆಳದ ಗುಂಡಿ ತೋಡಿ ಬೇರು ಕಡಿದುಬಿಡಿ. ಒಣಗಿದ ಗಿಡವನ್ನು ಬೇರುಸಹಿತ ತೆಗೆದು ಅಲ್ಲೇ ಸುಡಿ; ಟ್ರ್ಯಾಕ್ಟರಿಗೆ ಕಟ್ಟಿ ತೋಟದುದ್ದಕ್ಕೆ ಎಳೆದರೆ ಎಳೆದ ದಾರಿಯುದ್ದಕ್ಕೂ ರೋಗ ಬಿತ್ತಿದ ಹಾಗಾಗುತ್ತದೆ.

ಹೊರಗೆ ಚೆನ್ನ, ಒಳಗೆ ಕಂದು

ಕಾಳು ಮೆತ್ತಗಾಗಿ ಕಂದಾಗಿದ್ದರೆ ಕಟಾವು ತಡವಾಗಿದೆ. ರೇಟು ಏರಲಿ ಎಂದು 190 ದಿನ ದಾಟಿಸಿದ ಭಗ್ವಾದಲ್ಲಿ ಇದು ಸಾಮಾನ್ಯ. ಕಾಳು ಕಪ್ಪು ಬೂಜಿನಿಂದ ತುಂಬಿದ್ದರೆ ಹೂ ಕಾಲದಲ್ಲೇ ಒಳಹೊಕ್ಕ ಶಿಲೀಂಧ್ರ. ಅಂಥ ಕಾಯಿ ಗಾತ್ರಕ್ಕೆ ತಕ್ಕ ತೂಕವಿರುವುದಿಲ್ಲ, ಬಣ್ಣ ಮಾಸಲು. ಗ್ರೇಡ್ ಮಾಡುವಾಗ ಕೈಯಲ್ಲಿ ತೂಗಿ ಬೇರೆ ಮಾಡಿ.

ಪರೀಕ್ಷೆಗೆ ಕಳಿಸುವಾಗ

ಗುರುತು ಸಿಗದಿದ್ದರೆ ಹಿರಿಯೂರಿನ ಬಬ್ಬೂರು ಫಾರಂ ಕೃಷಿ ವಿಜ್ಞಾನ ಕೇಂದ್ರಕ್ಕೋ, ದಾವಣಗೆರೆ ಕಡೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾದರಿ ಒಯ್ಯಿರಿ. ಪೂರ್ತಿ ಸತ್ತ ಗಿಡದ ಕೊಂಬೆ ಒಯ್ದರೆ ಅದರಲ್ಲಿ ಕೊಳೆಯುವ ಬೇರೆ ಶಿಲೀಂಧ್ರಗಳೇ ಸಿಗುತ್ತವೆ. ಈಗಷ್ಟೇ ಬಾಡುತ್ತಿರುವ ಗಿಡದ, ಆರೋಗ್ಯದ ಭಾಗವೂ ರೋಗದ ಭಾಗವೂ ಸೇರಿದ ಒಂದು ಗೇಣು ಕಾಂಡ, ಒಂದು ಹಿಡಿ ಎಳೆ ಬೇರು, ಬೇರಿನ ಜೊತೆಯ ಅರ್ಧ ಕೆಜಿ ಮಣ್ಣು ಬೇಕು. ಎಲೆ, ಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ದಾರಿಯಲ್ಲೇ ಬೆವೆತು ಕೊಳೆಯುತ್ತವೆ. ಹಳೇ ಪೇಪರಿನಲ್ಲಿ ಸುತ್ತಿ. ಬೇರು, ಮಣ್ಣು ಮಾತ್ರ ಪ್ಲಾಸ್ಟಿಕ್ಕಿನಲ್ಲಿ, ಒಣಗದಂತೆ. ಒಂದು ಚೀಟಿಯಲ್ಲಿ ಬಹಾರ್ ಯಾವುದು, ನೀರು ಬಿಟ್ಟ ತಾರೀಕು, ಕೊನೆಯ ಮೂರು ಸಿಂಪಡಣೆ ಏನು, ಯಾವಾಗ, ಮಳೆ ಎಂದು ಬಿತ್ತು ಎಂಬುದನ್ನು ಬರೆದು ಇಡಿ. ಸೋಮವಾರ ಅಥವಾ ಮಂಗಳವಾರ ತಲುಪಿಸಿ. ಶನಿವಾರ ಕೊಟ್ಟ ಮಾದರಿ ಎರಡು ದಿನ ಹಾಗೇ ಬಿದ್ದಿರುವ ಸಂಭವ ಹೆಚ್ಚು.